ಹಚ್ಚಿಕೊಳ್ಳುವ ಪಲ್ಯವಲ್ಲ, ಉಣ್ಣುವ ಪಲ್ಯ

‘ಹಚ್ಚಿಕೊಳ್ಳಾಕ ಏನೈತಿ?’ ನಮ್ಮ ರಾಯಚೂರು ಕಡೆ ಊಟಕ್ಕೆ ಕೂತವರು ಮೊದಲು ಕೇಳುವುದೇ ಇದು. ಪಲ್ಯ ಇರುವುದು ರೊಟ್ಟಿಗೆ ಹಚ್ಚಿಕೊಳ್ಳಲು, ಎರಡು ಚಮಚ ಸಾಕು ಎಂಬ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕ ಬೇರೆ: ತಟ್ಟೆಯ ಅರ್ಧದಷ್ಟು ಕಾಯಿಪಲ್ಯ, ಸೊಪ್ಪು, ಹಣ್ಣೇ ಇರಬೇಕು. ಇದನ್ನು ಕೇಳಿ ಉಮೇದಿನಿಂದ ಶುರು ಮಾಡಿದವರು ಎಲ್ಲಿ ಎಡವುತ್ತಾರೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಮೊದಲು ಸುಲಭದ್ದು. ಎರಡು ಜೋಳದ ರೊಟ್ಟಿ, ಆಮೇಲೆ ಒಂದೇ ಬಟ್ಟಲು ಅನ್ನ. ಸಿಂಧನೂರು, ಗಂಗಾವತಿಯ ಸೋನಾ ಮಸೂರಿ ಎಷ್ಟೇ ಘಮ್ಮೆನ್ನಲಿ, ಎರಡನೇ ಸಲ ಬಡಿಸಿಕೊಳ್ಳಬೇಡಿ. ಜೋಳವೂ ಪಿಷ್ಟವೇ, ನಾಲ್ಕು ರೊಟ್ಟಿ ತಿಂದು ಮೇಲೊಂದು ಗುಡ್ಡೆ ಅನ್ನ ಉಂಡರೆ ‘ಡಯಟ್’ ಆಗುವುದಿಲ್ಲ. ಜೊತೆಗೆ ಹೆಸರುಕಾಳೋ ಮಡಿಕೆಕಾಳೋ ಒಂದು ಬಟ್ಟಲು. ಬಿಡುವಿಲ್ಲದವರು ಅಂಗಡಿಯ ಖಡಕ್ ರೊಟ್ಟಿ ತರಲಿ, ತಪ್ಪೇನಿಲ್ಲ. ‘ಮಲ್ಟಿಗ್ರೇನ್’ ಬಿಸ್ಕತ್ತು ಮಾತ್ರ ಬೇಡ. ಪೊಟ್ಟಣದ ಹಿಂದೆ ಹೆಚ್ಚು ಹಾಕಿದ್ದನ್ನು ಮೊದಲು ಬರೆದಿರುತ್ತಾರೆ. ಓದಿ ನೋಡಿ, ಬಹಳಷ್ಟರಲ್ಲಿ ಮೈದಾದ್ದೇ ಮೊದಲ ಹೆಸರು.

ಎಡವಟ್ಟಾಗುವುದು ಪಲ್ಯದಲ್ಲಿ. ನಮ್ಮ ಪಲ್ಯದ ಉಪ್ಪು, ಖಾರ, ಎಣ್ಣೆ ಎಲ್ಲವೂ ಹಚ್ಚಿಕೊಳ್ಳುವ ಅಳತೆಯವು. ಅದೇ ಎಣ್ಣೆಗಾಯಿಯನ್ನು ಅರ್ಧ ತಟ್ಟೆ ತಿಂದರೆ ಕಾಯಿಪಲ್ಯದ ಜೊತೆ ಉಪ್ಪೂ ಎಣ್ಣೆಯೂ ನಾಲ್ಕು ಪಟ್ಟು ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಅಡುಗೆಯ ಕ್ರಮವನ್ನೇ ಬದಲಿಸಬೇಕು.

ಬದನೆಕಾಯಿ ಎಣ್ಣೆ ಕುಡಿಯುವ ಕಾಯಿ. ಹಸಿಯದ್ದನ್ನೇ ಎಣ್ಣೆಗೆ ಹಾಕಬೇಡಿ. ನೀರು ಚಿಮುಕಿಸಿ, ಮುಚ್ಚಿ, ಅರೆಬೇಯಿಸಿಕೊಳ್ಳಿ. ಆಮೇಲೆ ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಎಣ್ಣೆಯ ಒಗ್ಗರಣೆ. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಚಾಳಿ ಬಿಡಿ. ಶೇಂಗಾ ಪುಡಿ ಹಾಕುವುದಾದರೆ ಅದರಲ್ಲೇ ಎಣ್ಣೆ ಇದೆ, ಒಗ್ಗರಣೆಯನ್ನು ಇನ್ನೂ ಕಡಿಮೆ ಮಾಡಿ.

ಸೊಪ್ಪಿನ ಕಥೆ ಬೇರೆ. ಬುಟ್ಟಿ ತುಂಬ ಇದ್ದ ಮೆಂತ್ಯ ತಪ್ಪಲ ಬಾಡಿ ಮುಷ್ಟಿಯಷ್ಟಾಗುತ್ತದೆ. ಬುಟ್ಟಿ ನೋಡಿ ಉಪ್ಪು ಹಾಕಿದರೆ ಕೆಟ್ಟಿರಿ. ಬಾಡಿದ ಮೇಲೆ, ಇಳಿಸುವ ಮುಂಚೆ ಹಾಕಿ. ಪುಂಡಿ ಪಲ್ಯದ ಹುಳಿಗೆ ಉಪ್ಪು ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ರೂಢಿ ಮಾಡಿಕೊಳ್ಳಲು ಅದರಿಂದಲೇ ಶುರು ಮಾಡಿ.

ನಾನಂತೂ ತಟ್ಟೆಯ ಪಲ್ಯದ ಭಾಗದಲ್ಲಿ ಅರ್ಧವನ್ನು ಒಲೆಗೇ ತೋರಿಸುವುದಿಲ್ಲ. ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ, ಸಿಕ್ಕರೆ ಹಕ್ಕರಕಿ ಸೊಪ್ಪು. ಮೂರು ನೀರಲ್ಲಿ ತೊಳೆದು ಹಾಗೇ ರೊಟ್ಟಿ ಜೊತೆ. ಇದಕ್ಕೂ ಉಪ್ಪು ಉದುರಿಸಿದರೆ ಮಾಡಿದ್ದೆಲ್ಲ ದಂಡ.

ಉಪ್ಪು ಹಿಡಿತದಲ್ಲಿದೆಯೇ ಎಂದು ನೋಡಲು ಪಾಕೀಟಿನ ಮೇಲೆ ಒಡೆದ ತಾರೀಖು ಬರೆದಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ. ಹಾಗಾದರೆ ನಾಲ್ಕು ಮಂದಿಯ ಮನೆಯಲ್ಲಿ ಕಿಲೋ ಉಪ್ಪು 50 ದಿನಕ್ಕಿಂತ ಹೆಚ್ಚೇ ಬರಬೇಕು. ನಮ್ಮಲ್ಲಿ ಮೊದಲ ಪಾಕೀಟು ತಿಂಗಳಿಗೇ ಮುಗಿದಿತ್ತು. ಉಪ್ಪಿನಕಾಯಿ, ಹಪ್ಪಳದ್ದು ಆ ಲೆಕ್ಕಕ್ಕೆ ಸೇರೇ ಇರಲಿಲ್ಲ.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ವಾರಕ್ಕೊಂದು ಸಂಜೆ ತಿನ್ನಿ. ಆ ರಾತ್ರಿ ಹಪ್ಪಳ ಕರಿಯಬೇಡಿ, ಅಷ್ಟೇ.