ಮಿಂಡನ್, 1759: ಕೆಂಪು ಕೋಟಿನ ಮೇಲೆ ನಾಲ್ಕು ಹಳದಿ

1759ರ ಆಗಸ್ಟ್ 1ರ ಮಿಂಡನ್ ಕದನಕ್ಕೆ (ಜರ್ಮನಿಯಲ್ಲಿ ಬ್ರಿಟನ್ ಮತ್ತು ಅದರ ಮಿತ್ರರು ಫ್ರೆಂಚರನ್ನು ಸೋಲಿಸಿದ್ದು) 28 ಮಿ.ಮೀ. ಅಳತೆಯ ಪುಟ್ಟ ಸಿಪಾಯಿ ಗೊಂಬೆಗಳಿಗೆ ಬಣ್ಣ ಹಚ್ಚಿ ಸಜ್ಜುಗೊಳಿಸುವಾಗ ಕೋಟಿಗಿಂತ ಮೊದಲು ಬ್ರೀಚಸ್‌ನ (ಮೊಣಕಾಲುದ್ದದ ಚಡ್ಡಿ) ಬಣ್ಣ ಖಚಿತ ಮಾಡಿಕೊಳ್ಳಿ. ಬ್ರಿಟಿಷ್ ಕಾಲಾಳುಗಳಿಗೆ ಬಿಳಿ ಬ್ರೀಚಸ್ ಬಂದದ್ದು 1768ರ ಆಜ್ಞೆಯಿಂದ. ಅದಕ್ಕೂ ಮೊದಲು ವೇಸ್ಟ್‌ಕೋಟು, ಬ್ರೀಚಸ್ ಎರಡೂ ಕೆಂಪು. ರಾಯಲ್ (ರಾಜಮನೆತನದ ಗೌರವ ಪಡೆದ) ರೆಜಿಮೆಂಟುಗಳ ಬ್ರೀಚಸ್ ಮಾತ್ರ ನೀಲಿ. ಬಿಳಿ ಹಚ್ಚಿದಿರೋ, ನಿಮ್ಮ ಪಡೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೊರಟಂತೆ.

ಅಲ್ಲಿ ಕಾದಿದ ಬ್ರಿಟಿಷ್ ಕಾಲಾಳು ರೆಜಿಮೆಂಟುಗಳು ಆರು: 12, 20, 23, 25, 37, 51. ಕಫ್ (ತೋಳಿನ ತುದಿ), ಲ್ಯಾಪೆಲ್ (ಎದೆಯ ಮಡಿಕೆ), ಹಿಂದಕ್ಕೆ ಮಡಚಿದ ಕೋಟಿನ ಅಂಚು ಇವುಗಳ ಬಣ್ಣವೇ ಫೇಸಿಂಗ್. 23ಕ್ಕೆ ನೀಲಿ, 51ಕ್ಕೆ ಕಡುಹಸಿರು. ಉಳಿದ ನಾಲ್ಕಕ್ಕೂ ಹಳದಿಯೇ: 12 ಮತ್ತು 37ಕ್ಕೆ ಸಾದಾ, 20ಕ್ಕೆ ತಿಳಿ, 25ಕ್ಕೆ ಗಾಢ. ಮೂರು ಛಾಯೆಗಳನ್ನೂ ಒಂದೇ ದಿನ ಕಲಸಿ, ಪಕ್ಕಪಕ್ಕದಲ್ಲಿ ಹಚ್ಚಿ ನೋಡಿ. ಮೇಜಿನ ಮೇಲೆ ವ್ಯತ್ಯಾಸ ಕಾಣಬೇಕಾದರೆ ಸ್ವಲ್ಪ ಉತ್ಪ್ರೇಕ್ಷೆ ತಪ್ಪಲ್ಲ.

ಹಳದಿ ಪಾರದರ್ಶಕ ಬಣ್ಣ. ಕಪ್ಪು ಪ್ರೈಮರ್ (ಮೊದಲ ಲೇಪ) ಮೇಲೆ ನೇರ ಹಚ್ಚಿದರೆ ಹಸಿರು ಛಾಯೆಗೆ ತಿರುಗುತ್ತದೆ, ಎಷ್ಟು ಪದರ ಹಾಕಿದರೂ ಮಸುಕೇ. ಮೊದಲು ಕೋಟಿನ ಕೆಂಪು ಮುಗಿಸಿ, ಫೇಸಿಂಗ್ ಜಾಗಕ್ಕೆ ಓಕರ್ (ಮಣ್ಣುಹಳದಿ) ತಳಬಣ್ಣ ಕೊಟ್ಟು, ಒಣಗಿದ ಮೇಲೆ ತೆಳುವಾಗಿ ಎರಡು ಪದರ ಹಳದಿ ಹಚ್ಚಿ. ಕೆಂಪಿಗೆ ಕಂದುಗೆಂಪಿನ ತಳ; ಉಬ್ಬಿದ ಮಡಿಕೆಗಳಿಗೆ ಕಿತ್ತಳೆ ಬೆರೆಸಿ; ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ. ಸಿಪಾಯಿಗಳದು ಮಂಕು ಕೆಂಪು, ಅಧಿಕಾರಿಗಳದು ಹೊಳೆಯುವ ಕಡುಗೆಂಪು. ಲೇಸ್ (ಕೋಟಿನ ಅಂಚಿನ ಅಲಂಕಾರ ಪಟ್ಟಿ) ಕೊನೆಗೆ: ಮಾಸಲು ಬಿಳಿಯ ಒಂದೇ ಗೆರೆ ಸಾಕು. ಅದರೊಳಗಿನ ಬಣ್ಣದ ನೇಯ್ಗೆ ಒಂದು ಮೊಳ ದೂರದಿಂದ ಕಾಣುವುದಿಲ್ಲ.

ಡ್ರಮ್ಮರ್‌ಗಳ ಬಣ್ಣ ತಿರುವುಮುರುವು: ಹಳದಿ ಫೇಸಿಂಗಿನ ರೆಜಿಮೆಂಟುಗಳಲ್ಲಿ ಹಳದಿ ಕೋಟು, ಕೆಂಪು ಫೇಸಿಂಗ್. ರಾಯಲ್ ರೆಜಿಮೆಂಟಾದ 23ಕ್ಕೆ ಈ ನಿಯಮವಿಲ್ಲ, ಅಲ್ಲಿ ಡ್ರಮ್ಮರನೂ ನೀಲಿ ಫೇಸಿಂಗಿನ ಕೆಂಪು ಕೋಟಿನವನೇ. ಫ್ಯುಸಿಲಿಯರ್ (ಫ್ಯುಸಿಲ್ ಎಂಬ ಹಗುರ ಬಂದೂಕಿನಿಂದ ಹೆಸರು ಪಡೆದ) ಪಡೆಯಾದ್ದರಿಂದ 23ರ ಎಲ್ಲ ಸಿಪಾಯಿಗಳಿಗೂ ಎತ್ತರದ ಚೂಪು ಟೋಪಿ ಬೇಕು. ಬೇರೆಡೆ ಅದು ಗ್ರೆನೆಡಿಯರ್‌ಗಳು (ಆಯ್ದ ಸಿಪಾಯಿಗಳ ತುಕಡಿ), ಡ್ರಮ್ಮರ್‌ಗಳಿಗಷ್ಟೇ. ಮಿಕ್ಕವರಿಗೆ ಮುಮ್ಮೂಲೆ ಹ್ಯಾಟು.

ಪ್ರತಿ ಬೆಟಾಲಿಯನ್‌ಗೆ ಎರಡು ಬಾವುಟ. ರಾಜನ ಬಾವುಟಕ್ಕೆ ಇಂದಿನ ಯೂನಿಯನ್ ಜಾಕ್ ಮುದ್ರಿಸಿ ಅಂಟಿಸಬೇಡಿ: ಕರ್ಣರೇಖೆಯ ಕೆಂಪು ಪಟ್ಟಿ ಸೇರಿದ್ದು 1801ರಲ್ಲಿ. ಇನ್ನೊಂದು ಬಾವುಟ ಫೇಸಿಂಗ್ ಬಣ್ಣದ್ದು, ಮೂಲೆಯಲ್ಲಿ ಅದೇ ಹಳೆಯ ಯೂನಿಯನ್.