ಬರೆಯ ಕೆಳಗಿನ ಹಳೇ ಮನೆ: ನಾನು ರಿಪೇರಿ ಮಾಡಿಸಿದ ಬಗೆ

ಮಡಿಕೇರಿ ಪಕ್ಕದ ನಮ್ಮ ಅಜ್ಜನ ಕಾಲದ ಹೆಂಚಿನ ಮನೆ ರಿಪೇರಿಗೆ ಇಳಿದಾಗ ಎಲ್ಲರೂ ಕೇಳಿದ್ದು ಟೈಲ್ಸ್ ಯಾವುದು, ಬಾತ್‌ರೂಮ್ ಎಷ್ಟು ಅಂತ. ನಾನು ಅರ್ಧಕ್ಕಿಂತ ಜಾಸ್ತಿ ದುಡ್ಡು ಹಾಕಿದ್ದು ಮನೆ ಹಿಂದಿನ ಬರೆಗೆ, ಅಂದರೆ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣಿಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಬರೆ 10 ಅಡಿ ಎತ್ತರ. ಅದಕ್ಕೂ ಮನೆಯ ಗೋಡೆಗೂ ನಡುವೆ ಒಬ್ಬರು ಕೊಡ ಹಿಡಿದು ಓಡಾಡುವಷ್ಟೇ ಜಾಗ. ಸುಮ್ನೆ ಒಂದು ಕಾಂಕ್ರೀಟ್ ತಡೆಗೋಡೆ ಎಬ್ಬಿಸಿದರೆ ಸಾಲದು. ಮಣ್ಣಿನ ಭಾರ ಬೇರೆ, ನೀರಿನ ಭಾರ ಬೇರೆ. ಗೋಡೆ ಹಿಂದೆ 3 ಮೀಟರ್ ನೀರು ಕಟ್ಟಿ ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ನಾಲ್ಕೂವರೆ ಟನ್ ತಳ್ಳುತ್ತದೆ, ಬರೀ ನೀರೇ! ಅದಕ್ಕೆ ಎಂಜಿನಿಯರ್ ಹಾಕಿಕೊಟ್ಟ ಗೋಡೆಯ ಬೆನ್ನಿಗೆ ಜಲ್ಲಿ ತುಂಬಿಸಿದೆವು. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋ ಬಟ್ಟೆ, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ. ಇಲ್ಲದಿದ್ದರೆ ಕೆಸರು ಇಳಿದು ಜಲ್ಲಿ ಕಟ್ಟಿಕೊಳ್ಳುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಪಿವಿಸಿ ಪೈಪು, ಹೊರಕ್ಕೆ ತುಸು ಇಳಿಜಾರಾಗಿ. ಮೊದಲ ಮಳೆಗಾಲದಲ್ಲಿ ಆ ಪೈಪುಗಳಿಂದ ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಈಗಲೂ ಜೂನ್ ಬಂತೆಂದರೆ ಒಂದೊಂದು ಪೈಪಿಗೂ ಕಡ್ಡಿ ಹಾಕಿ ನೋಡುತ್ತೇನೆ.

ಬರೆಯ ನೆತ್ತಿಯಲ್ಲಿ ಅಡ್ಡ ಚರಂಡಿ ತೆಗೆಸಿ, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿದ್ದೂ ಆಯಿತು. ಮಾಡಿನ (ಛಾವಣಿಯ) ನೀರು ದಂಬೆಯಿಂದ, ಅಂದರೆ ಸೂರಿನಂಚಿನ ದೋಣಿಯಿಂದ ಪೈಪಿಗೆ, ಪೈಪಿನಿಂದ ನೇರ ತೋಡಿಗೆ (ಸಣ್ಣ ಹಳ್ಳಕ್ಕೆ). ಅಂಗಳದ ಅಂಚಿನಲ್ಲಿ ಬಿಟ್ಟರೆ ಕೆಳಗಿನ ಮಣ್ಣು ಸಡಿಲವಾಗುತ್ತದಲ್ವಾ? ಇಂಗುಗುಂಡಿಯನ್ನೂ ಅದೇ ಕಾರಣಕ್ಕೆ ಅಂಚಿನಿಂದ ದೂರ ಇಟ್ಟೆ.

ಒಂದು ಕಡೆ ಪಾಯ ಕುಸಿದಿತ್ತು. ಅದರ ಅಡಿಗೆ ಹೊಸ ಪಾಯ ಕೊಡುವಾಗ ಉದ್ದಕ್ಕೂ ಒಂದೇ ಸಲ ಅಗೆಯಲು ಬಿಡಲಿಲ್ಲ. ಮೂರು ಅಡಿ ಅಗೆದು ಕಟ್ಟಿ, ಅದು ಗಟ್ಟಿಯಾಗುವವರೆಗೆ ಪಕ್ಕದ ತುಂಡನ್ನು ಮುಟ್ಟಬಾರದು. ಮೇಸ್ತ್ರಿಗೆ ಬೇಜಾರು, ನನಗೆ ಖರ್ಚು. ಆದರೆ ಬೇರೆ ದಾರಿ ಇಲ್ಲ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬೇಡವೆಂದಿದ್ದಕ್ಕೆ ಮೇಸ್ತ್ರಿ, “ಸಿಮೆಂಟ್ ಆದ್ರೆ ಗಟ್ಟಿ ಆಗ್ತದೆ ಸಾರ್” ಅಂದರು. ಗಟ್ಟಿ ಹೌದು. ಆದರೆ ಒಳಗಿನ ತೇವ ಹೊರಬರಲು ಜಾಗವೇ ಇರದೆ ಗಾರೆ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಹಾಗಾಗಿ ಸುಣ್ಣದ ಗಾರೆ ಮಾಡಿಸಿದೆ.

ಲಾರಿ ಮೇಲಿನ ರಸ್ತೆಯಲ್ಲೇ ನಿಲ್ಲುತ್ತದೆ. ಮರಳು, ಜಲ್ಲಿ ಎಲ್ಲ ಮೆಟ್ಟಿಲಿಳಿದು ತಲೆಹೊರೆಯಲ್ಲೇ ಬರಬೇಕು. ಆ ಕೂಲಿಯನ್ನು ಎಸ್ಟಿಮೇಟ್‌ನಲ್ಲಿ ಬೇರೆಯಾಗೇ ಬರೆಸಿಕೊಳ್ಳಿ. ಮಣ್ಣು ಅಗೆಯುವ ಕೆಲಸ ಡಿಸೆಂಬರ್‌ನಲ್ಲಿ ಶುರುವಾಗಿ ಮೇ ಒಳಗೆ ಮುಗಿಯಲೇಬೇಕು. ಕಾರು ನಿಲ್ಲಿಸಲು ಬರೆಯನ್ನು ಇನ್ನಷ್ಟು ಕಡಿಯೋಣ ಅಂತ ಮನೆಯವರು ಹೇಳಿದರು, ನಾನು ಒಪ್ಪಲಿಲ್ಲ. ಕಾರು ರಸ್ತೆಯಲ್ಲೇ ಇದೆ.