ಮೊದಲ ಸಲ ತೋಟದ ಜಾಡಿಗೆ ಗಾಡಿ ಇಳಿಸುವ ಮುನ್ನ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಕೆಂಪು ಜೇಡಿಯಲ್ಲಿ ಮೊದಲ ಸಲ ಫೋರ್-ವೀಲ್ ಡ್ರೈವ್ ಗಾಡಿ ಓಡಿಸುವವರು ಹೂತುಕೊಳ್ಳುವುದು ಬಹುಮಟ್ಟಿಗೆ ಖಾತ್ರಿ. ಜೊತೆಗೆ ಬರುವ ಹಳಬರಿಗೂ ಅದು ಗೊತ್ತಿರುತ್ತದೆ, ಯಾರೂ ನಗುವುದಿಲ್ಲ. ಅವರು ನೋಡುವುದು ಒಂದೇ: ನಿಮ್ಮ ಗಾಡಿಯನ್ನು ಹತ್ತು ನಿಮಿಷದಲ್ಲಿ ಎಳೆದು ಮೇಲೆ ಹಾಕಬಹುದೋ, ಇಲ್ಲ ಹಿಂದಿನ ಏಳೆಂಟು ಗಾಡಿ ಗಂಟೆಗಟ್ಟಲೆ ಇಂಜಿನ್ ಆರಿಸಿ ನಿಲ್ಲಬೇಕೋ. ಅದಕ್ಕೇ ನನ್ನ ತಯಾರಿ ಶುರುವಾಗುವುದು ದೊಡ್ಡ ಟೈರು, ಎಲ್‌ಇಡಿ ಲೈಟು, ರೂಫ್ ರ‍್ಯಾಕುಗಳಿಂದಲ್ಲ, ಹುಕ್ಕಿನಿಂದ.

ಗಾಡಿಯಡಿ ತಲೆ ಹಾಕಿ, ಮುಂದೊಂದು ಹಿಂದೊಂದು ಎಳೆಯುವ ಹುಕ್ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಬೇಕು. ಅದು ನೇರ ಚಾಸಿಗೆ ದಪ್ಪ ಬೋಲ್ಟಿನಲ್ಲಿ ಕೂತಿರಬೇಕು, ಇಲ್ಲವೇ ಬೆಸುಗೆ ಹಾಕಿರಬೇಕು. ಹಡಗಿನಲ್ಲೋ ಲಾರಿಯಲ್ಲೋ ಗಾಡಿ ಸಾಗಿಸುವಾಗ ಬಿಗಿಯಲು ಕೊಟ್ಟ ತೆಳು ತಗಡಿನ ಕೊಂಡಿಗಳೂ ಅಲ್ಲೇ ಹತ್ತಿರ ಇರುತ್ತವೆ. ನೋಡಲು ಹುಕ್ಕಿನಂತೆಯೇ ಇದ್ದರೂ ಎಳೆತಕ್ಕೆ ಕಿತ್ತು ಬರುತ್ತವೆ. ಬಂಪರಿನ ತೂತಿಗೆ ತಿರುಗಿಸಿ ಹಾಕುವ ರಿಂಗ್ ಟಾರ್ ರಸ್ತೆಯಲ್ಲಿ ಕೆಟ್ಟ ಗಾಡಿಯನ್ನು ಮೆಲ್ಲಗೆ ನೇರಕ್ಕೆ ಎಳೆಯಲು ಸಾಕು, ಹೂತ ಗಾಡಿಯನ್ನು ಜಗ್ಗಲು ಸಾಲದು. ಟ್ರೇಲರ್ ಕಟ್ಟುವ ಕಬ್ಬಿಣದ ಉಂಡೆಗಂತೂ ಹಗ್ಗ ಹಾಕಲೇಬಾರದು. ಅದು ಮುರಿದರೆ ಹಗ್ಗದ ತುದಿಯಲ್ಲಿ ಫಿರಂಗಿ ಗುಂಡಿನಂತೆ ಹಾರಿ ಗಾಜು ಒಡೆದು ಒಳಗೆ ಬರುತ್ತದೆ. ಹೀಗೆ ಜನ ಸತ್ತಿದ್ದಾರೆ.

ಹಗ್ಗ ಎರಡು ಬಗೆ. ಹಿಗ್ಗದ ಗಟ್ಟಿ ಪಟ್ಟಿ ನಿಧಾನವಾಗಿ ಎಳೆಯುವುದಕ್ಕೆ. ರಬ್ಬರಿನಂತೆ ಹಿಗ್ಗುವ ಕೈನೆಟಿಕ್ ಹಗ್ಗ ಅಥವಾ ಸ್ನ್ಯಾಚ್ ಪಟ್ಟಿ ಹೂತ ಗಾಡಿಯನ್ನು ಜಗ್ಗಿ ಮೇಲೆತ್ತುವುದಕ್ಕೆ. ಕೊಳ್ಳುವುದು ಒಂದೇ ಆದರೆ ಎರಡನೆಯದನ್ನೇ ಕೊಳ್ಳಿ, ಸುಮಾರು 9 ಮೀಟರ್ ಉದ್ದದ್ದು. ಎರಡು ಗಾಡಿಗಳಲ್ಲಿ ಹಗುರವಾದದ್ದರ ಸಾಮಾನು ಸಹಿತ ತೂಕದ ಎರಡು-ಮೂರು ಪಟ್ಟು ಹಗ್ಗದ ತಾಳುವ ಶಕ್ತಿ ಇರಬೇಕು. ಥಾರ್‌ನಂಥ ಗಾಡಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 8 ಟನ್ನಿನದು ನಡೆಯುತ್ತದೆ. ಜಿಮ್ನಿ, ಹಳೆಯ ಜಿಪ್ಸಿಗೆ 5 ಟನ್ ಆಸುಪಾಸು ಸಾಕು. ಹೆಚ್ಚು ಟನ್ನಿನದು ಹೆಚ್ಚು ಒಳ್ಳೆಯದು ಎಂದುಕೊಂಡು ದಪ್ಪದ್ದು ತಂದರೆ ಹಗುರ ಗಾಡಿಗೆ ಅದು ಹಿಗ್ಗುವುದೇ ಇಲ್ಲ, ಎಳೆತದ ಏಟೆಲ್ಲ ಹುಕ್ಕಿಗೆ ಬೀಳುತ್ತದೆ. ಹಗ್ಗವನ್ನು ಹುಕ್ಕಿಗೆ ಜೋಡಿಸುವ ಕಬ್ಬಿಣದ ಕೊಂಡಿ, ಅಂದರೆ ಶ್ಯಾಕಲ್, ಎರಡು ಬೇಕು. ಅದರ ಮೇಲೆ 3.25 ಟನ್ ಅಥವಾ 4.75 ಟನ್ ಎಂದು ಅಚ್ಚು ಇರಲೇಬೇಕು. ಅಚ್ಚಿಲ್ಲದ್ದನ್ನು ಹಾರ್ಡ್‌ವೇರ್ ಅಂಗಡಿಯಲ್ಲೇ ಬಿಟ್ಟು ಬನ್ನಿ. ಪಿನ್ ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ಸಡಿಲಿಸಬೇಕು, ಇಲ್ಲದಿದ್ದರೆ ಎಳೆತದ ನಂತರ ಕಚ್ಚಿಕೊಂಡು ಬಿಚ್ಚುವುದು ಕಷ್ಟ. ನಾನೀಗ ಹಗ್ಗದಿಂದಲೇ ಹೆಣೆದ ಸಾಫ್ಟ್ ಶ್ಯಾಕಲ್ ಬಳಸುತ್ತೇನೆ. ಹಗುರ, ಹಾರಿದರೂ ಕಬ್ಬಿಣದಷ್ಟು ಅಪಾಯವಿಲ್ಲ. ಆದರೆ ಹುಕ್ಕಿನ ಅಂಚು ಚೂಪಾಗಿದ್ದರೆ ಕತ್ತರಿಸಿಹೋಗುತ್ತದೆ, ಅರ ಹಾಕಿ ನುಣುಪು ಮಾಡಿಕೊಳ್ಳಬೇಕು.

ಹೊರಡುವ ವಾರ ಮೊದಲೇ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸುತ್ತೇನೆ. ಹಿಂದಿನ ದಿನ ನೋಡಿಸಿದರೆ ಏನಾದರೂ ಸಿಕ್ಕಾಗ ಪಾರ್ಟ್ ಸಿಗುವುದಿಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬ್ರೇಕ್ ಪ್ಯಾಡ್, ಕೂಲೆಂಟ್, ಹೋಸ್‌ಗಳ ಬಿರುಕು ಎಲ್ಲರೂ ನೋಡುವಂಥವು. ಯಾರೂ ನೋಡದ್ದು ಬ್ಯಾಟರಿಯ ಕ್ಲಾಂಪು. ಅದು ಸಡಿಲವಿದ್ದರೆ ಕುಲುಕಾಟಕ್ಕೆ ಬ್ಯಾಟರಿ ವಾಲಿ ಟರ್ಮಿನಲ್ ಬಾನೆಟ್ಟಿಗೆ ತಾಗಬಹುದು. ಅಕ್ಕಪಕ್ಕದ ಫುಟ್‌ಬೋರ್ಡ್ ಬಿಚ್ಚಿ ಮನೆಯಲ್ಲಿಡಿ. ಬಿಚ್ಚದೆ ಹೋದರೆ ಯಾವುದಾದರೂ ಕಲ್ಲು ಬಿಚ್ಚಿಕೊಡುತ್ತದೆ, ಬಾಗಿಲ ಕೆಳಗಿನ ತಗಡಿನ ಸಮೇತ. ನಂಬರ್ ಪ್ಲೇಟಿನ ರಿವೆಟ್ಟನ್ನೂ ಅಲ್ಲಾಡಿಸಿ ನೋಡಿ, ಹಳ್ಳ ದಾಟುವಾಗ ಮೊದಲು ಹೋಗುವುದು ಅದೇ. ಬುಲ್ ಬಾರ್ ಬೇಡ. ಅದನ್ನು ಹಾಕುವಂತಿಲ್ಲ ಎಂದು ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಹೇಳಿದೆ, ಮೇಲಾಗಿ ಮುಂದಿನ ಚಕ್ರಗಳ ಮೇಲೆ ವೃಥಾ ಭಾರ.

ಇನ್ನು ಗಾಳಿ. ಹೊಸಬರಿಗೆ ದುಡ್ಡಿಲ್ಲದೆ ಸಿಗುವ ಅತಿ ದೊಡ್ಡ ಸಹಾಯ ಇದು. ಹೈವೇಗೆ ಹಾಕಿದ 32 ಪಿಎಸ್‌ಐ ಗಾಳಿಯಲ್ಲಿ ಟೈರು ಕೆಸರಿನ ಮೇಲೆ ಜಾರುತ್ತದೆ, ಕಲ್ಲಿನ ಮೇಲೆ ಪುಟಿಯುತ್ತದೆ. ತೋಟದ ಗೇಟಿನಲ್ಲಿ ನಾನು 18-20ಕ್ಕೆ ಇಳಿಸುತ್ತೇನೆ. ಕೆಸರು ಕಡಿಮೆಯಿದ್ದು ಚೂಪು ಕಲ್ಲು ಹೆಚ್ಚಿದ್ದರೆ 22. ಟೈರು ನೆಲಕ್ಕೆ ಉದ್ದಕ್ಕೆ ಕೂತು ಹಿಡಿತ ಹೆಚ್ಚುತ್ತದೆ. 15ಕ್ಕಿಂತ ಕೆಳಗೆ ಹೋದರೆ ಸ್ಟಿಯರಿಂಗ್ ಜೋರಾಗಿ ತಿರುಗಿಸಿದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಕಾಡುಜಾಡಿನಲ್ಲಿ ಅದನ್ನು ಮತ್ತೆ ಕೂರಿಸುವುದು ಹೊಸಬರ ಕೆಲಸವಲ್ಲ. ಮೊದಲ ಟೈರಿನ ವಾಲ್ವ್ ಒತ್ತಿ ಹಿಡಿದು, ಗೇಜಿನಲ್ಲಿ 32 ಇದ್ದದ್ದು 27 ಆಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಎಣಿಸಿಕೊಳ್ಳಿ. ಕೆಳಗಿಳಿದಂತೆ ಗಾಳಿ ನಿಧಾನವಾಗಿ ಬರುತ್ತದೆ, ಹಾಗಾಗಿ ಅಲ್ಲಿಂದ 18ಕ್ಕೆ ಇಳಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚೇ ಬೇಕು. ಒಟ್ಟು ಎಣಿಕೆ ಒಮ್ಮೆ ಸಿಕ್ಕಿದರೆ ಉಳಿದ ಮೂರಕ್ಕೂ ಅಷ್ಟೇ ಎಣಿಸಿ ಕೊನೆಗೊಮ್ಮೆ ಗೇಜ್ ಹಿಡಿದರಾಯಿತು. ಗಾಳಿ ಇಳಿಸಿದ ಮೇಲೆ ಗಂಟೆಗೆ 30-40 ಕಿ.ಮೀ. ದಾಟಬಾರದು, ಟೈರಿನ ಪಕ್ಕೆ ಬಿಸಿಯಾಗಿ ಹಾಳಾಗುತ್ತದೆ. ವಾಪಸ್ ತುಂಬಿಸಲು ಬ್ಯಾಟರಿಗೇ ನೇರವಾಗಿ ಕ್ಲಿಪ್ ಹಾಕುವ ಪಂಪ್ ಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿನ ಚಿಕ್ಕ ಪಂಪುಗಳು ಎರಡನೇ ಟೈರಿಗೇ ಸುಸ್ತು, ಕೆಲವು ಸಲ ಫ್ಯೂಸನ್ನೂ ಸುಡುತ್ತವೆ. ಪಂಪ್ ಓಡುವಾಗ ಇಂಜಿನ್ ಚಾಲೂ ಇರಲಿ.

ಜಾಗದ ವಿಷಯ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಗೂಗಲ್ ಮ್ಯಾಪಿನಲ್ಲಿ ದಾರಿ ಕಾಣುತ್ತದೆ ಎಂಬುದು ಅನುಮತಿಯಲ್ಲ. ಖಾಸಗಿ ತೋಟವೇ ಸರಿ, ಅದೂ ಸಾಹುಕಾರರ ಒಪ್ಪಿಗೆ ಮುಂಚೆಯೇ ಪಡೆದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯಿಲು, ದಾರಿ ತುಂಬ ಆಳುಗಳು, ಕಣದ ತುಂಬ ಹಣ್ಣು, ಆಗ ಕೇಳುವುದೇ ತಪ್ಪು. ಜೂನ್‌ನಿಂದ ಆಗಸ್ಟಿನ ಮಳೆಯಲ್ಲಿ ಹಳಬರು ಹೋಗಲಿ. ಹೊಸಬರಿಗೆ ಅಕ್ಟೋಬರ್ ಕೊನೆ, ನವೆಂಬರ್ ಹದ: ಕೆಸರೂ ಸಿಗುತ್ತದೆ, ನೆಲವೂ ಸಿಗುತ್ತದೆ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿಕೊಳ್ಳಿ. ರೇಸಿಗೆ, ವೇಗದ ಪರೀಕ್ಷೆಗೆ ಸಾಮಾನ್ಯ ಪಾಲಿಸಿ ಅನ್ವಯಿಸುವುದಿಲ್ಲ. ಇಂಜಿನ್ನಿಗೆ ನೀರು ಹೊಕ್ಕು ಕೆಟ್ಟರೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇಲ್ಲದೆ ಪರಿಹಾರ ಸಿಗುವುದು ಕಷ್ಟ.

ಚಕ್ರ ನಿಧಾನಕ್ಕೆ, ಆದರೆ ಹೆಚ್ಚು ಬಲದಿಂದ ತಿರುಗುವಂತೆ ಮಾಡುವ ಲೋ ರೇಂಜ್ ಲಿವರ್ ಹಾಕಿ ಅಭ್ಯಾಸವಿಲ್ಲದೆ ಬರಬೇಡಿ. ಊರಾಚೆಯ ಮಣ್ಣಿನ ಮೈದಾನ ಸಾಕು. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ನ್ಯೂಟ್ರಲ್ಲಿನಲ್ಲಿಟ್ಟು ಲಿವರ್ ಎಳೆಯಬೇಕು. ಕೂರದಿದ್ದರೆ ಒಂದಡಿ ಉರುಳಿಸಿ ಮತ್ತೆ ಎಳೆಯಿರಿ, ಗುದ್ದಬೇಡಿ. ಜಿಮ್ನಿ, ಥಾರ್ ಎರಡರಲ್ಲೂ ನಾಲ್ಕು ಚಕ್ರದ ಹಿಡಿತ ಹಾಕಿ ಟಾರ್ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳಬಾರದು. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಸುತ್ತಬೇಕು, ನಡುವೆ ಅದನ್ನು ಹೊಂದಿಸುವ ಡಿಫರೆನ್ಶಿಯಲ್ ಇಲ್ಲ, ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಇಳಿಜಾರಿನಲ್ಲಿ ಲೋ ರೇಂಜ್ ಒಂದನೇ ಗೇರ್ ಹಾಕಿ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಬೇಕು, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಭಯಕ್ಕೆ ಕ್ಲಚ್ ಒತ್ತಿದ ಕ್ಷಣ ಗಾಡಿ ಜಾರುವುದು ಶುರು. ಏರಿನಲ್ಲಿ ಅರ್ಧಕ್ಕೆ ನಿಂತುಹೋದರೆ ಎಂದಿಗೂ ಅಡ್ಡ ತಿರುಗಿಸಬಾರದು, ಮಗುಚುವುದು ಆಗಲೇ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಬಂದ ಜಾಡಿನಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಿರಿ. ಕೆಸರಿನಲ್ಲಿ ಚಕ್ರ ಸುತ್ತುತ್ತಿದ್ದು ಗಾಡಿ ಚಲಿಸದಿದ್ದರೆ ಎರಡು-ಮೂರು ಸೆಕೆಂಡಿನಲ್ಲಿ ಕಾಲು ತೆಗೆಯಿರಿ. ಇನ್ನೂ ಒತ್ತಿದರೆ ನೀವೇ ಗುಂಡಿ ತೋಡಿ ಆಕ್ಸಲ್ ಕೂರಿಸಿದಂತೆ. ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲೆದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಆಗ ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿಯುವ ವ್ಯವಸ್ಥೆ ಇರುವ ಗಾಡಿಗಳಲ್ಲಿ ಆಕ್ಸಿಲರೇಟರನ್ನು ಒಂದೇ ಸಮ ಒತ್ತಿ ಹಿಡಿದರೆ ಅದು ಕೆಲಸ ಮಾಡುತ್ತದೆ, ಬಿಟ್ಟುಬಿಟ್ಟು ಒತ್ತಿದರೆ ಮಾಡುವುದಿಲ್ಲ. ಸ್ಟಿಯರಿಂಗಿನ ಒಳಗೆ ಹೆಬ್ಬೆರಳು ಹಾಕಬೇಡಿ, ಚಕ್ರ ಕಲ್ಲಿಗೆ ಬಡಿದು ಸ್ಟಿಯರಿಂಗ್ ತಟ್ಟನೆ ತಿರುಗಿದರೆ ಬೆರಳು ಮುರಿಯುತ್ತದೆ. ಹಳ್ಳವನ್ನು ಮೊದಲು ಕೋಲು ಹಿಡಿದು ನಡೆದು ದಾಟಬೇಕು. ಚಕ್ರದ ನಡುಗುಂಬಕ್ಕಿಂತ ಆಳವಿದ್ದರೆ ಹೊಸಬರು ಬೇರೆ ದಾರಿ ನೋಡುವುದು ಮೇಲು.

ಸಾಲಿನಲ್ಲಿ ಹೊಸಬರ ಜಾಗ ನಡುವೆ, ಮೊದಲಲ್ಲೂ ಕೊನೆಯಲ್ಲೂ ಅನುಭವಿಗಳು. ಏರು, ಇಳಿಜಾರು, ಹಳ್ಳ ಯಾವುದಿದ್ದರೂ ಒಂದು ಸಲಕ್ಕೆ ಒಂದೇ ಗಾಡಿ. ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿಗೆ ಜವಾಬ್ದಾರರು: ಕವಲು ಬಂದಲ್ಲಿ ಹಿಂದಿನವರ ಕಣ್ಣಿಗೆ ಬೀಳುವ ತನಕ ನಿಲ್ಲಬೇಕು. ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ. ಲೈಸೆನ್ಸ್ ಬೇಕಿಲ್ಲದ 446 ಮೆಗಾಹರ್ಟ್ಸ್ ವಾಕಿಟಾಕಿ ಕೊಳ್ಳಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹೆಚ್ಚು ಶಕ್ತಿಯವಕ್ಕೆ ಲೈಸೆನ್ಸ್ ಬೇಕು.

ಹೂತುಕೊಂಡಿರಿ ಎನ್ನೋಣ. ಮೊದಲು ಹಗ್ಗವಲ್ಲ, ಸನಿಕೆ. ನಾಲ್ಕೂ ಟೈರಿನ ಮುಂದಿನ ಕೆಸರು, ಹೊಟ್ಟೆಯಡಿ ಕೂತ ಮಣ್ಣು ತೆಗೆದರೆ ಅರ್ಧ ಸಲ ಹಗ್ಗವೇ ಬೇಕಾಗುವುದಿಲ್ಲ. ಬೇಕಾದರೆ ಹಗ್ಗವನ್ನು ಎರಡು ಗಾಡಿಗಳ ನಡುವೆ ಎರಡು ಮೀಟರಿನಷ್ಟು ಸಡಿಲ ಬಿಟ್ಟು ಹಾವಿನ ಸುತ್ತಿನಂತೆ ಹಾಸಬೇಕು, ನಡುವೆ ಒದ್ದೆ ಗೋಣಿಚೀಲ ಹಾಕಬೇಕು. ತುಂಡಾದರೆ ಅದು ಹಗ್ಗವನ್ನು ನೆಲಕ್ಕೆ ಬೀಳಿಸುತ್ತದೆ. ಎಳೆಯುವ ಗಾಡಿ ಲೋ ರೇಂಜಿನಲ್ಲಿ ಜಾಗಿಂಗಿನ ವೇಗ ದಾಟಬಾರದು. ಹಗ್ಗ ಬಿಗಿಯಾದ ಕ್ಷಣ ಹೂತ ಗಾಡಿಯೂ ಗೇರಿನಲ್ಲಿದ್ದು ಮೆಲ್ಲಗೆ ಸಹಾಯ ಕೊಡಬೇಕು. ಮಿಕ್ಕವರೆಲ್ಲ ಹಗ್ಗದ ಒಂದೂವರೆ ಪಟ್ಟು ದೂರ, ವಿಡಿಯೊ ತೆಗೆಯುವವರೂ ಸೇರಿ. ಕೈಸನ್ನೆ ಕೊಡುವವರು ಒಬ್ಬರೇ. ಹಗ್ಗ ಗಿಡ್ಡವಾಯಿತೆಂದು ಎರಡನ್ನು ಕಬ್ಬಿಣದ ಶ್ಯಾಕಲ್ಲಿನಿಂದ ಜೋಡಿಸುವವರನ್ನು ಕಂಡರೆ ನಾನು ಗಾಡಿಯಿಂದಿಳಿದು ದೂರ ಹೋಗುತ್ತೇನೆ.

ಸಾಮಾನು ಕಡಿಮೆಯಿದ್ದಷ್ಟೂ ಒಳ್ಳೆಯದು. 20 ಲೀಟರಿನ ನೀರಿನ ಕ್ಯಾನು, ಜಾಕ್, ಟೂಲ್ ಬಾಕ್ಸ್ ಹಿಂದಿನ ಸೀಟಿಗೆ ಒರಗಿಸಿ, ನೆಲದ ಕೊಂಡಿಗೆ ಬೆಲ್ಟಿನಿಂದ ಬಿಗಿದಿರಬೇಕು. ಗಾಡಿ ವಾಲಿದಾಗ ಸಡಿಲ ಜಾಕ್ ಬಂಡೆಗಿಂತ ಅಪಾಯ. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ತಲೆಗೆ ದಿನಕ್ಕೆ 5 ಲೀಟರ್ ನೀರು. ಡೀಸೆಲ್ಲೋ ಪೆಟ್ರೋಲೋ ಪೇಟೆಯಲ್ಲೇ ಫುಲ್ ಮಾಡಿಸಿ, ಲೋ ರೇಂಜಿನಲ್ಲಿ ಮೈಲೇಜ್ ಲೆಕ್ಕಕ್ಕಿಲ್ಲ.

ಟೆಂಟು ಹಾಕುವಾಗ ಮೊದಲು ತಲೆಯೆತ್ತಿ ನೋಡಿ. ಸಿಲ್ವರ್ ಓಕ್ ಮತ್ತು ಹಾಲುವಾಣ ಮರದ ಕೊಂಬೆಗಳು ಪೆಳಸು, ಗಾಳಿಗೆ ಮುರಿಯುತ್ತವೆ. ಆನೆ ಓಡಾಟದ ಸುದ್ದಿಯನ್ನು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ ಹತ್ತಿರ ಕೇಳಿ, ಅವರು ಬೇಡವೆಂದ ಜಾಗದಲ್ಲಿ ಚರ್ಚೆ ಬೇಡ. ಬಾಳೆಹಣ್ಣು, ಬೆಲ್ಲ, ಉಪ್ಪು ಟೆಂಟಿನೊಳಗೆ ಇಡಬೇಡಿ. ನೆಲಕ್ಕೆ ಹಾಸುವ ಟಾರ್ಪಲ್ ಟೆಂಟಿನ ತಳಕ್ಕಿಂತ ಎಲ್ಲ ಕಡೆ ಒಂದು ಗೇಣು ಒಳಗಿರಲಿ. ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ನಿಮ್ಮ ಬೆನ್ನಡಿಗೇ ತರುತ್ತದೆ. ಚಳಿಯೆಂದು ಟೆಂಟಿನ ಗಾಳಿಕಿಂಡಿ ಮುಚ್ಚಿದರೆ ಉಸಿರಿನ ತೇವ ಬೆಳಗಿನ ಹೊತ್ತಿಗೆ ಮೈಮೇಲೆ ತೊಟ್ಟಿಕ್ಕುತ್ತದೆ. ಇದ್ದಿಲ ಒಲೆಯನ್ನು ಒಳಗೆ ತರುವ ಯೋಚನೆ ಮಾತ್ರ ಬೇಡ, ಅದರ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಇಂಬಳಕ್ಕೆ (ಜಿಗಣೆಗೆ) ಮೊಣಕಾಲಿನ ತನಕದ ದಟ್ಟ ನೇಯ್ಗೆಯ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು. ಹತ್ತಿದ್ದನ್ನು ಕೀಳದೆ, ಉಗುರಿನಿಂದ ಬಾಯಿಯ ಬಳಿ ಸರಿಸಿ ಬಿಡಿಸಬೇಕು.

ಅಡುಗೆಗೆ ಹೆಚ್ಚು ಯೋಚಿಸುವುದಿಲ್ಲ. ಮನೆಯಲ್ಲೇ ರವೆ ಹುರಿದು, ಒಗ್ಗರಣೆ, ಉಪ್ಪು ಬೆರೆಸಿ ಡಬ್ಬಿಗೆ ಹಾಕಿದರೆ, ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು, ಐದು ನಿಮಿಷಕ್ಕೆ ಉಪ್ಪಿಟ್ಟು. ರಾತ್ರಿಗೆ ಅನ್ನ, ಪುಳಿಯೋಗರೆ ಗೊಜ್ಜು.

ಹೊರಡುವ ದಿನ ಗೇಟಿನಲ್ಲಿ ಗಾಳಿ ತುಂಬಿಸಿ, ಟಾರಿಗೆ ಹತ್ತುವ ಮೊದಲೇ ಟೂ-ವೀಲ್‌ಗೆ ಬನ್ನಿ. ರಿಮ್ಮಿನ ಒಳಬದಿಯ ಕೆಸರನ್ನು ಕೋಲಿನಿಂದ ಕೆರೆಯದಿದ್ದರೆ 60 ದಾಟಿದ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಅದನ್ನು ಅಲೈನ್‌ಮೆಂಟ್ ಹೋಯಿತೆಂದು ತಿಳಿದು ಗ್ಯಾರೇಜಿಗೆ ಓಡುವವರಿದ್ದಾರೆ. ಮಾರನೇ ದಿನ ಗಾಡಿಯಡಿ ಜೋರು ನೀರು ಹಾಯಿಸಿ ತೊಳೆಸಿ, ಏರ್ ಫಿಲ್ಟರ್ ತೆಗೆದು ನೋಡಿ, ಹಗ್ಗವನ್ನು ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಳ್ಳ ದಾಟಿದ್ದರೆ ಮುಂದಿನ, ಹಿಂದಿನ ಎರಡೂ ಡಿಫರೆನ್ಶಿಯಲ್ಲಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಿಸಿ. ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಆ ವಾರವೇ ಬದಲಿಸಬೇಕು.